‘ನನಗೆ’ ಇದ್ದಲ್ಲಿ ‘ಇಂಗ್’ ಬೇಡ: ಮುಂಬೈ ಕನ್ನಡಿಗರ ಇಂಗ್ಲಿಷ್‌ಗೊಂದು ದೋಷ ನಿವಾರಣೆ ಕೈಪಿಡಿ

ಇಂಗ್ಲಿಷ್ ತಪ್ಪುಗಳನ್ನು ತಿದ್ದುವವರು ಸಾಮಾನ್ಯವಾಗಿ ಒಂದೇ ಕೆಲಸ ಮಾಡುತ್ತಾರೆ. ತಪ್ಪು ವಾಕ್ಯಕ್ಕೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ಸರಿ ವಾಕ್ಯ ಬರೆದು ಕೊಡುತ್ತಾರೆ. ಕಲಿಯುವವರು ಅದನ್ನು ಹತ್ತು ಸಲ ಬರೆಯುತ್ತಾರೆ. ಮುಂದಿನ ವಾರ ಅದೇ ತಪ್ಪು ಬೇರೆ ಪದದ ಜೊತೆ ವಾಪಸ್ ಬರುತ್ತದೆ. ತಪ್ಪು ಎಲ್ಲಿಂದ ಬಂತು ಅಂತ ಯಾರೂ ನೋಡಿರುವುದಿಲ್ಲ, ಅದಕ್ಕೇ ಹೀಗೆ.

ಮುಂಬೈಯಲ್ಲಂತೂ ಅದನ್ನು ನೋಡಲೇಬೇಕು. ಇಲ್ಲಿ ನಮ್ಮವರ ಮನೆಯಲ್ಲಿ ತುಳುವೋ, ಕುಂದಾಪುರ ಕನ್ನಡವೋ, ಕಲಬುರಗಿ ಕನ್ನಡವೋ ಇರುತ್ತದೆ. ರಿಕ್ಷಾ ಹತ್ತಿದರೆ ಬಂಬಯ್ಯಾ ಹಿಂದಿ. ಸೊಸೈಟಿ ಮೀಟಿಂಗ್‌ನಲ್ಲಿ, ವಾರ್ಡ್ ಆಫೀಸಿನಲ್ಲಿ ಮರಾಠಿ. ಇಂಗ್ಲಿಷ್ ಬರುವುದು ಇವೆಲ್ಲದರ ಮೇಲೆ. ನಾನು ಭಾನುವಾರ ಪಾಠ ಹೇಳುವ ತರಗತಿಗೆ ಹೋಟೆಲ್ ಹುಡುಗರು ಬರುತ್ತಾರೆ, ಮಹಾನಗರಪಾಲಿಕೆಯ ಕನ್ನಡ ಶಾಲೆ ಮುಗಿಸಿ ಕಾಲೇಜು ಸೇರಿದ ಮಕ್ಕಳು ಬರುತ್ತಾರೆ, ಮಕ್ಕಳ ಹೋಮ್‌ವರ್ಕ್ ತಾವೇ ನೋಡಬೇಕು ಅನ್ನುವ ತಾಯಂದಿರೂ ಬರುತ್ತಾರೆ. ಒಂದೇ ತಪ್ಪು ಒಬ್ಬರಿಗೆ ಕನ್ನಡದಿಂದ ಬಂದಿರುತ್ತದೆ, ಇನ್ನೊಬ್ಬರಿಗೆ ಹಿಂದಿಯಿಂದ, ಮತ್ತೊಬ್ಬರಿಗೆ ನಾಲಿಗೆ ತಿರುಗದೆ. ಮದ್ದು ಮೂವರಿಗೂ ಬೇರೆ ಬೇರೆ.

ಈ ಕೈಪಿಡಿ ವರ್ತಮಾನ ಕಾಲದ ವಾಕ್ಯಗಳಿಗೆ ಮತ್ತು ಪದದ ಮುಂದೆ ಹಿಂದೆ ಸೇರುವ ತುಂಡುಗಳಿಗೆ, ಅಂದರೆ ಪ್ರಿಫಿಕ್ಸ್ ಮತ್ತು ಸಫಿಕ್ಸ್‌ಗಳಿಗೆ, ಸಂಬಂಧಪಟ್ಟಿದ್ದು. ನಿಮಗೇ ಬಳಸಿಕೊಳ್ಳಬಹುದು, ಮಕ್ಕಳಿಗೂ ಬಳಸಬಹುದು.

ತಿದ್ದುವ ಮೊದಲು ಮೂರು ತಪಾಸಣೆ

ಒಂದು, ಅದೇ ವಾಕ್ಯವನ್ನು ಬಾಯಲ್ಲಿ ಹೇಳಿಸಿ, ಆಮೇಲೆ ಬರೆಸಿ. ಬರೆದದ್ದು ಸರಿ, ಹೇಳಿದ್ದು ತಪ್ಪು ಅಂದರೆ ದೋಷ ನಾಲಿಗೆಯದು. ಎರಡೂ ತಪ್ಪಾದರೆ ನಿಯಮವೇ ಗೊತ್ತಿಲ್ಲ.

ಎರಡು, ಅದೇ ಮಾತನ್ನು ಕನ್ನಡದಲ್ಲಿ ಹೇಳಿಸಿ, ಆಮೇಲೆ ಹಿಂದಿಯಲ್ಲಿ ಹೇಳಿಸಿ. ಇಂಗ್ಲಿಷ್ ವಾಕ್ಯದ ತಪ್ಪು ಯಾವುದರ ಅಚ್ಚಿನಲ್ಲಿದೆ ಅಂತ ಅಲ್ಲೇ ಕಾಣುತ್ತದೆ.

ಮೂರು, ಅರ್ಥವೇ ಇಲ್ಲದ ಒಂದು ಪದ ಕೊಡಿ. ಈ ಉಪಾಯ ನನ್ನದಲ್ಲ. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ ಸಣ್ಣ ಮಕ್ಕಳಿಗೆ ಒಂದು ಕಾಲ್ಪನಿಕ ಪ್ರಾಣಿಯ ಚಿತ್ರ ತೋರಿಸಿ, ಇದು ‘ವಗ್’ ಎಂದರು. ಎರಡು ಇದ್ದಾಗ ಏನನ್ನಬೇಕು ಎಂದು ಕೇಳಿದರು. ಆ ಪದವನ್ನು ಯಾವತ್ತೂ ಕೇಳಿರದ ಮಕ್ಕಳು ‘ವಗ್ಸ್’ ಅಂದರು. ಅಂದರೆ ಅವರಲ್ಲಿ ನಿಯಮವೇ ಕೂತಿತ್ತು, ಬಾಯಿಪಾಠವಲ್ಲ. ನೀವೂ ‘ಟಿಬ್’ ಅಂತ ಒಂದು ಕ್ರಿಯಾಪದ ಮಾಡಿ. ‘ಐ ಟಿಬ್ ಎವ್ರಿ ಡೇ. ಮೈ ಬ್ರದರ್...’ ಅಂತ ನಿಲ್ಲಿಸಿ. ‘ಟಿಬ್ಸ್’ ಅಂದರೆ ನಿಯಮ ಗೊತ್ತಿದೆ. ಇಷ್ಟು ದಿನ ಸರಿಯಾಗಿ ಹೇಳುತ್ತಿದ್ದ ‘ಗೋಸ್’, ‘ಕಮ್ಸ್’ ಬರೀ ಬಾಯಿಪಾಠವಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ದೋಷ: ‘ಮೈ ಫಾದರ್ ವರ್ಕ್ ಇನ್ ಹೋಟೆಲ್’

ಎಲ್ಲಕ್ಕಿಂತ ಜಾಸ್ತಿ ಸಿಗುವ ದೋಷ ಇದು. ‘ವರ್ಕ್ಸ್’ ಆಗಬೇಕಾದದ್ದು ‘ವರ್ಕ್’ ಆಗಿದೆ.

ಮೊದಲು ನಾಲಿಗೆ ನೋಡಿ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಬಸ್ ನಮ್ಮ ಬಾಯಲ್ಲಿ ಬಸ್ಸು, ಕಾರ್ ಕಾರು. ‘ಕ್ಸ್’, ‘ಪ್ಸ್’, ‘ಟ್ಸ್’ ಅಂತ ಕೊನೆಯಲ್ಲಿ ಎರಡೆರಡು ವ್ಯಂಜನ ನಿಂತರೆ ಒಂದು ಉದುರಿ ಹೋಗುತ್ತದೆ. ಇದಕ್ಕೆ ಮದ್ದು ಸುಲಭ. ಮುಂದಿನ ಪದ ಸ್ವರದಿಂದ ಶುರುವಾಗುವ ವಾಕ್ಯಗಳನ್ನೇ ಮೊದಲು ಹೇಳಿಸಿ. ‘ವರ್ಕ್ಸ್ ಇನ್’ ಅನ್ನುವುದನ್ನು ‘ವರ್ಕ್ಸಿನ್’ ಅಂತ ಒಂದೇ ಉಸಿರಿಗೆ ಹೇಳಲಿ. ‘ಸ್ಲೀಪ್ಸಟ್ ಟೆನ್’, ‘ಸಿಟ್ಸಾನ್ ದ ಫ್ಲೋರ್’. ‘ಸ್’ಗೆ ಆಸರೆಗೆ ಒಂದು ಸ್ವರ ಸಿಕ್ಕಿತು ಅಂದರೆ ನಮ್ಮ ನಾಲಿಗೆ ಅದನ್ನು ಬಿಡುವುದಿಲ್ಲ. ಅದು ರೂಢಿಯಾದ ಮೇಲೆ ‘ವರ್ಕ್ಸ್ ಫಾರ್’, ‘ವರ್ಕ್ಸ್ ವಿತ್’ ಕಡೆಗೆ ಹೋಗಿ.

ಬರವಣಿಗೆಯಲ್ಲೂ ‘ಎಸ್’ ಬಿಟ್ಟರೆ ನಿಯಮ ಹೇಳಬೇಕು. ಕನ್ನಡದವರಿಗೆ ಇದು ಕಷ್ಟ ಆಗಬಾರದು. ನಮ್ಮಲ್ಲಿ ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತದೆ ಅಂತ ಪ್ರತಿಯೊಬ್ಬರಿಗೂ ಒಂದು ಬಾಲ ಇದೆ. ಇಂಗ್ಲಿಷಿನಲ್ಲಿ ಉಳಿದಿರುವುದು ಒಂದೇ ಬಾಲ. ಅವನು, ಅವಳು, ಅದು, ಈ ಮೂವರಿಗೂ ಸೇರಿ ಅದೊಂದೇ. ಕನ್ನಡ ವಾಕ್ಯ ‘ತ್ತಾನೆ, ತ್ತಾಳೆ, ತ್ತದೆ’ಯಲ್ಲಿ ಮುಗಿದರೆ ‘ಎಸ್’ ಹಾಕಿ. ಒಂದೇ ಎಚ್ಚರ: ‘ಅಪ್ಪ ಮಾಡುತ್ತಾರೆ’ ಅಂತ ನಾವು ಗೌರವಕ್ಕೆ ಬಹುವಚನ ಹೇಳುತ್ತೇವೆ. ಇಂಗ್ಲಿಷಿಗೆ ಆ ಗೌರವ ಗೊತ್ತಿಲ್ಲ. ಅಪ್ಪ ಒಬ್ಬರೇ ಆದ್ದರಿಂದ ‘ವರ್ಕ್ಸ್’. ಮಗು ‘ಮೈ ಬ್ರದರ್ ವರ್ಕ್ಸ್’ ಸರಿಯಾಗಿ ಬರೆದು ‘ಮೈ ಫಾದರ್ ವರ್ಕ್’ ಅಂತ ಬರೆದರೆ ಕಾರಣ ಇದೇ ಇರಬಹುದು. ಬೈಯಬೇಡಿ, ಅದು ಅಪ್ಪನಿಗೆ ಮರ್ಯಾದೆ ಕೊಟ್ಟಿದೆ.

‘ಎಸ್’ ವಿಷಯದಲ್ಲಿ ತಾಳ್ಮೆ ಬೇಕು. ರೋಜರ್ ಬ್ರೌನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ಮನೆಮಾತಿನ ಮೂರು ಮಕ್ಕಳ ಮಾತನ್ನು ದಾಖಲಿಸಿ, ಯಾವ ತುಂಡು ಯಾವಾಗ ಕೂರುತ್ತದೆ ಅಂತ 1973ರಲ್ಲಿ ಪ್ರಕಟಿಸಿದರು. ಮೊದಲು ಕೂತದ್ದು ‘ಗೋಯಿಂಗ್’ನಲ್ಲಿರುವ ‘ಇಂಗ್’. ಸ್ವಲ್ಪ ಆಮೇಲೆ ಬಹುವಚನದ ‘ಎಸ್’. ಕ್ರಿಯಾಪದದ ‘ಎಸ್’ ಬಂದದ್ದು ಅದಕ್ಕಿಂತ ಎಷ್ಟೋ ತಡವಾಗಿ. ಉಚ್ಚಾರ ಒಂದೇ, ಆದರೂ ಒಂದು ಬೇಗ ಬರುತ್ತದೆ, ಒಂದು ತಡವಾಗಿ ಬರುತ್ತದೆ. ಇಂಗ್ಲಿಷ್ ಮಾತಾಡುವ ತಾಯಿಯ ಮಡಿಲಲ್ಲಿ ಬೆಳೆದ ಮಕ್ಕಳಿಗೇ ಹೀಗಾದರೆ ನಮ್ಮ ಮಕ್ಕಳಿಗೆ ಟೈಮ್ ಕೊಡಬೇಕು, ಅಲ್ವಾ?

ದೋಷ: ‘ಹಿ ಡೋಂಟ್ ನೋ’

‘ವರ್ಕ್ಸ್’, ‘ಗೋಸ್’ ಎಲ್ಲ ಸರಿ ಹೇಳುವವರೂ ಇಲ್ಲಿ ಎಡವುತ್ತಾರೆ. ಇದರ ಬೇರು ಕನ್ನಡದಲ್ಲೇ ಇದೆ. ಮಾಡುತ್ತೇನೆ, ಮಾಡುತ್ತಾನೆ ಅಂತ ಹೌದು ಅನ್ನುವಾಗ ಬಾಲ ಬದಲಾಗುತ್ತದೆ. ಇಲ್ಲ ಅನ್ನುವಾಗ? ನಾನು ಮಾಡುವುದಿಲ್ಲ, ಅವನು ಮಾಡುವುದಿಲ್ಲ, ಅವರು ಮಾಡುವುದಿಲ್ಲ. ಎಲ್ಲರಿಗೂ ಒಂದೇ ‘ಇಲ್ಲ’. ಅದೇ ಅಭ್ಯಾಸದಲ್ಲಿ ಎಲ್ಲರಿಗೂ ಒಂದೇ ‘ಡೋಂಟ್’ ಬರುತ್ತದೆ. ಇದನ್ನು ತಿದ್ದುವಾಗ ‘ಇಲ್ಲ’ ಬರುವ ವಾಕ್ಯಗಳನ್ನೇ ಬೇರೆಯಾಗಿ ತೆಗೆದುಕೊಂಡು ಅಭ್ಯಾಸ ಮಾಡಿಸಿ. ಹೌದು ಅನ್ನುವ ವಾಕ್ಯಗಳನ್ನು ಎಷ್ಟು ಹೇಳಿಸಿದರೂ ಇದು ಸರಿಹೋಗುವುದಿಲ್ಲ.

ಜೊತೆಗೆ ಇನ್ನೊಂದು ಮಾತು ಹೇಳಿ. ವಾಕ್ಯಕ್ಕೆ ‘ಎಸ್’ ಒಂದೇ. ‘ಡಸ್’ ಬಂದರೆ ಅದು ‘ಡಸ್’ನಲ್ಲೇ ಕೂರುತ್ತದೆ. ಹಾಗಾಗಿ ‘ಡಸ್ ಹಿ ಗೋ’, ‘ಹಿ ಡಸಂಟ್ ನೋ’. ‘ಡಸ್ ಹಿ ಗೋಸ್’ ಅಂದರೆ ಎರಡು ಸಲ ಹಾಕಿದ ಹಾಗಾಯಿತು.

ದೋಷ: ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’

ನನಗೆ ಎಲ್ಲಕ್ಕಿಂತ ಇಷ್ಟವಾದ ದೋಷ ಇದು, ಯಾಕೆಂದರೆ ಇದಕ್ಕೆ ಮದ್ದು ಕನ್ನಡದೊಳಗೇ ಇದೆ.

ತಪ್ಪು ಹೇಗೆ ಹುಟ್ಟುತ್ತದೆ ನೋಡಿ. ‘ಮಾಡುತ್ತಿದ್ದಾರೆ’ ಅಂದರೆ ‘ಇಂಗ್’ ಅಂತ ಶಾಲೆಯಲ್ಲಿ ಕಲಿಸುತ್ತಾರೆ. ‘ನನಗೆ ಇಬ್ಬರು ತಮ್ಮಂದಿರು ಇದ್ದಾರೆ’ ಅನ್ನುವ ವಾಕ್ಯದ ಕೊನೆಗೂ ಅದೇ ‘ಇದ್ದಾರೆ’ ಇದೆ. ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ತಕ್ಷಣ ‘ಹ್ಯಾವಿಂಗ್’ ಬಂದುಬಿಡುತ್ತದೆ. ಆಮೇಲೆ ‘ಐ ಆಮ್ ನೋಯಿಂಗ್’, ‘ಐ ಆಮ್ ವಾಂಟಿಂಗ್’, ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಸಾಲಾಗಿ ಬರುತ್ತವೆ.

ವ್ಯಾಕರಣದ ಪುಸ್ತಕಗಳು ಇದಕ್ಕೆ ಒಂದು ಪಟ್ಟಿ ಕೊಡುತ್ತವೆ. ನೋ, ವಾಂಟ್, ಲೈಕ್, ಅಂಡರ್‌ಸ್ಟ್ಯಾಂಡ್, ರಿಮೆಂಬರ್, ಹ್ಯಾವ್, ಇವಕ್ಕೆ ‘ಇಂಗ್’ ಹಚ್ಚಬೇಡಿ ಅಂತ. ಪಟ್ಟಿ ಬಾಯಿಪಾಠ ಮಾಡಿದವರು ಮಾತಿನ ನಡುವೆ ಅದನ್ನು ನೆನಪು ಮಾಡಿಕೊಳ್ಳುವಷ್ಟರಲ್ಲಿ ಎದುರಿಗಿದ್ದವರು ಹೋಗಿಬಿಟ್ಟಿರುತ್ತಾರೆ. ಈಗ ಅದೇ ಪಟ್ಟಿಯನ್ನು ಕನ್ನಡದಲ್ಲಿ ಓದಿ:

ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ಅರ್ಥವಾಗುತ್ತದೆ. ನನಗೆ ನೆನಪಿದೆ. ನನಗೆ ಇಬ್ಬರು ತಮ್ಮಂದಿರಿದ್ದಾರೆ.

ಎಲ್ಲವೂ ‘ನನಗೆ’ಯಿಂದಲೇ ಶುರುವಾಗುತ್ತವೆ. ನಾನು ಮಾಡುವ ಕೆಲಸ ಇವಲ್ಲ, ನನಗೆ ಆಗುವ ಸಂಗತಿಗಳು. ಹಿಂದಿಯ ‘ಮುಝೆ ಪತಾ ಹೈ’, ಮರಾಠಿಯ ‘ಮಲಾ ಮಾಹೀತ್ ಆಹೇ’ ಕೂಡ ಹೀಗೇ ಇವೆ. ಆದ್ದರಿಂದ ಕನ್ನಡ ಅಷ್ಟಾಗಿ ಬಾರದ ಇಲ್ಲಿನ ಮಕ್ಕಳಿಗೂ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ‘ನಾನು’ ಬಂದರೆ ‘ಇಂಗ್’ ಹಚ್ಚಬಹುದು. ‘ನನಗೆ’ ಬಂದರೆ ಬೇಡ.

ಇದರ ನಿಜವಾದ ಬಲ ಕಾಣುವುದು ಒಂದೇ ಇಂಗ್ಲಿಷ್ ಪದ ಎರಡು ಕೆಲಸ ಮಾಡುವ ಕಡೆ. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪು. ಯಾಕೆ? ಊಟ ‘ನಾನು’ ಮಾಡುತ್ತಿದ್ದೇನೆ, ತಮ್ಮಂದಿರು ‘ನನಗೆ’ ಇದ್ದಾರೆ. ‘ಐ ಆಮ್ ಥಿಂಕಿಂಗ್’ ಅಂದರೆ ನಾನು ಯೋಚನೆ ಮಾಡುತ್ತಿದ್ದೇನೆ. ‘ಐ ಥಿಂಕ್ ಇಟ್ ಈಸ್ ಗುಡ್’ ಅಂದರೆ ನನಗೆ ಹಾಗನ್ನಿಸುತ್ತದೆ. ‘ಐ ಆಮ್ ಲಿಸನಿಂಗ್’, ನಾನು ಕೇಳುತ್ತಿದ್ದೇನೆ. ‘ಐ ಹಿಯರ್’, ನನಗೆ ಕೇಳಿಸುತ್ತದೆ. ‘ಐ ಆಮ್ ಲುಕಿಂಗ್’, ನಾನು ನೋಡುತ್ತಿದ್ದೇನೆ. ‘ಐ ಸೀ’, ನನಗೆ ಕಾಣುತ್ತದೆ. ಕನ್ನಡ ಮಾತಾಡುವವರು ಈ ವ್ಯತ್ಯಾಸವನ್ನು ದಿನವೂ ಬಳಸುತ್ತಾರೆ. ಅದನ್ನು ಇಂಗ್ಲಿಷಿಗೂ ತೆಗೆದುಕೊಂಡು ಹೋಗಬಹುದು ಅಂತ ಅವರಿಗೆ ಯಾರಾದರೂ ಹೇಳಬೇಕು, ಅಷ್ಟೇ.

ಲೋಕಲ್ ಟ್ರೇನಿನಲ್ಲಿ ಫೋನ್ ಬಂದಾಗ ‘ಐ ಆಮ್ ನಾಟ್ ಹಿಯರಿಂಗ್’ ಅಂತ ಕೂಗುವವರನ್ನು ನೀವೂ ಕೇಳಿರುತ್ತೀರಿ. ‘ನನಗೆ ಕೇಳಿಸ್ತಿಲ್ಲ’ ಅನ್ನುವುದೇ ಅದು. ‘ಐ ಕಾಂಟ್ ಹಿಯರ್ ಯು’ ಅನ್ನಬೇಕು.

ಪರೀಕ್ಷೆ ಕೈಕೊಡುವ ಜಾಗಗಳೂ ಇವೆ. ನಂಬುತ್ತೇನೆ, ಪ್ರೀತಿಸುತ್ತೇನೆ, ಇವು ‘ನಾನು’ ಜೊತೆ ಬಂದರೂ ‘ಬಿಲೀವ್’, ‘ಲವ್’ಗೆ ಸಾಮಾನ್ಯವಾಗಿ ‘ಇಂಗ್’ ಬೇಡ. ‘ನನಗೆ ಲೇಟಾಗ್ತಿದೆ’ ಮಾತ್ರ ‘ಐ ಆಮ್ ರನ್ನಿಂಗ್ ಲೇಟ್’. ಇಂಥವು ಕೆಲವೇ. ಅವನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ.

ಅದೇ ‘ನನಗೆ’ ಇನ್ನೊಂದು ದೋಷಕ್ಕೂ ಮದ್ದು

ಇಂಟರ್‌ವ್ಯೂಗೆ ಹೊರಟ ಹುಡುಗ ಅಭ್ಯಾಸ ಮಾಡುತ್ತಾ ಹೇಳುತ್ತಾನೆ: ‘ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’. ಕ್ಲಾಸಿನಲ್ಲಿ ಬೇಸರವಾದ ಹುಡುಗಿ ‘ಐ ಆಮ್ ಬೋರಿಂಗ್’ ಅನ್ನುತ್ತಾಳೆ. ಅದರರ್ಥ ‘ನನ್ನ ಜೊತೆ ಇದ್ದರೆ ನಿಮಗೆ ಬೋರಾಗುತ್ತದೆ’ ಅಂತ. ಅವಳು ಹೇಳಬೇಕಿದ್ದದ್ದು ಅದಲ್ಲ.

ಇಲ್ಲೂ ಕನ್ನಡದಲ್ಲಿ ಹೇಳಿಸಿ. ನನಗೆ ಬೋರಾಗಿದೆ, ನನಗೆ ಆಸಕ್ತಿ ಇದೆ, ನನಗೆ ಸುಸ್ತಾಗಿದೆ, ನನಗೆ ಗೊಂದಲವಾಗಿದೆ. ‘ನನಗೆ’ ಬಂತು, ಹಾಗಾದರೆ ‘ಇಂಗ್’ ಬೇಡ, ‘ಎಡ್’ ಬೇಕು. ಬೋರ್ಡ್, ಇಂಟರೆಸ್ಟೆಡ್, ಟೈರ್ಡ್, ಕನ್‌ಫ್ಯೂಸ್ಡ್. ಬೇಸರ ತರಿಸುವ ಪಾಠಕ್ಕೆ ‘ಬೋರಿಂಗ್’, ಆಸಕ್ತಿ ಹುಟ್ಟಿಸುವ ಕೆಲಸಕ್ಕೆ ‘ಇಂಟರೆಸ್ಟಿಂಗ್’. ಯಾರಿಗೆ ಆಗುತ್ತದೋ ಅವರಿಗೆ ‘ಎಡ್’, ಯಾವುದರಿಂದ ಆಗುತ್ತದೋ ಅದಕ್ಕೆ ‘ಇಂಗ್’.

ದೋಷ: ‘ಐ ಆಮ್ ವರ್ಕ್ ಇನ್ ಅಂಧೇರಿ’

ಇದು ಕನ್ನಡದಿಂದ ಬಂದದ್ದಲ್ಲ. ‘ನಾನು ಅಂಧೇರಿಯಲ್ಲಿ ಕೆಲಸ ಮಾಡುತ್ತೇನೆ’ ಅನ್ನುವುದರಲ್ಲಿ ‘ಆಮ್’ಗೆ ಹೊಂದುವ ಪದವೇ ಇಲ್ಲ. ಹಿಂದಿಯಲ್ಲಿ ಹೇಳಿಸಿ: ‘ಮೈಂ ಅಂಧೇರಿ ಮೇಂ ಕಾಮ್ ಕರ್ತಾ ಹೂಂ’. ಕೊನೆಯ ‘ಹೂಂ’ ಇಂಗ್ಲಿಷಿಗೆ ಬಂದು ‘ಆಮ್’ ಆಗಿದೆ. ‘ಐ ಆಮ್ ಅಗ್ರೀ’, ‘ಆರ್ ಯು ನೋ’ ಕೂಡ ಇದೇ ಜಾತಿ. ಹಿಂದಿಯಲ್ಲೇ ದಿನವಿಡೀ ವ್ಯವಹಾರ ಮಾಡುವವರಿಗೆ ಹೇಳುವ ಮಾತು ಇಷ್ಟು: ವರ್ತಮಾನ ಕಾಲದಲ್ಲಿ ‘ಆಮ್, ಈಸ್, ಆರ್’ ಆದಮೇಲೆ ಬರಿ ಕ್ರಿಯಾಪದ ನಿಲ್ಲುವುದಿಲ್ಲ. ‘ಆಮ್ ವರ್ಕಿಂಗ್’ ಆಗಬೇಕು, ಇಲ್ಲವೇ ‘ಆಮ್ ಎ ವೇಟರ್’, ‘ಆಮ್ ಟೈರ್ಡ್’ ಆಗಬೇಕು.

ಇದರ ತಿರುಗುಮುರುಗು ದೋಷ ಕನ್ನಡದ್ದು. ‘ಅವನು ಡ್ರೈವರ್’ ನಮಗೆ ಪೂರ್ತಿ ವಾಕ್ಯ. ಹಾಗಾಗಿ ‘ಹಿ ಡ್ರೈವರ್’ ಅಂತ ‘ಈಸ್’ ಬಿಟ್ಟುಹೋಗುತ್ತದೆ. ಲೋಕಲ್‌ನ ಘೋಷಣೆಯಲ್ಲೂ ‘ಪುಢೀಲ್ ಸ್ಟೇಷನ್ ದಾದರ್, ಅಗ್ಲಾ ಸ್ಟೇಷನ್ ದಾದರ್, ನೆಕ್ಸ್ಟ್ ಸ್ಟೇಷನ್ ದಾದರ್’ ಅಂತ ಮೂರೂ ಭಾಷೆಯಲ್ಲಿ ಕ್ರಿಯಾಪದವಿಲ್ಲದೆ ಕೇಳುತ್ತೇವೆ. ಘೋಷಣೆಗೆ ಅದು ಸಾಕು. ಮಾತಿಗೆ, ಬರವಣಿಗೆಗೆ ‘ದ ನೆಕ್ಸ್ಟ್ ಸ್ಟೇಷನ್ ಈಸ್ ದಾದರ್’ ಬೇಕು.

ದೋಷ: ‘ಐ ಕಮ್ ಟುಮಾರೋ’

ನಾವು ‘ಬರುತ್ತೇನೆ’ ಅನ್ನುವುದು ದಿನಾ ಬರುವುದಕ್ಕೂ ಆಯಿತು, ನಾಳೆ ಬರುವುದಕ್ಕೂ ಆಯಿತು. ಇಂಗ್ಲಿಷಿನಲ್ಲಿ ನಾಳೆಯದ್ದಕ್ಕೆ ‘ವಿಲ್ ಕಮ್’ ಅಥವಾ ‘ಆಮ್ ಕಮಿಂಗ್’. ಟೈಮ್‌ಟೇಬಲ್ ಪ್ರಕಾರ ನಡೆಯುವುದಕ್ಕೆ ಮಾತ್ರ ಸಾದಾ ವರ್ತಮಾನ ಕಾಲ ನಡೆಯುತ್ತದೆ: ‘ದ ಟ್ರೇನ್ ಲೀವ್ಸ್ ಅಟ್ ನೈನ್ ಟುಮಾರೋ’.

ದೋಷ: ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’

ಇದರಲ್ಲಿ ಎರಡು ದೋಷ ಒಟ್ಟಿಗೆ ಇವೆ. ಹತ್ತು ವರ್ಷದಿಂದ, 2015ರಿಂದ, ಎರಡಕ್ಕೂ ಕನ್ನಡದಲ್ಲಿ ‘ಇಂದ’ವೇ. ಹಿಂದಿಯ ‘ಸೇ’, ಮರಾಠಿಯ ‘ಪಾಸೂನ್’ ಕೂಡ ಹಾಗೇ. ಇಂಗ್ಲಿಷ್ ಮಾತ್ರ ಬೇರೆ ಮಾಡುತ್ತದೆ. ಪರೀಕ್ಷೆ ಹೀಗೆ: ‘ಎಷ್ಟು’ ಅಂತ ಕೇಳಿದರೆ ಉತ್ತರ ಸಿಗುತ್ತದೋ, ‘ಯಾವಾಗ’ ಅಂತ ಕೇಳಿದರೆ ಸಿಗುತ್ತದೋ ನೋಡಿ. ಎಷ್ಟು? ಹತ್ತು ವರ್ಷ, ಆದ್ದರಿಂದ ‘ಫಾರ್’. ಯಾವಾಗ? 2015ರಲ್ಲಿ, ಆದ್ದರಿಂದ ‘ಸಿನ್ಸ್’.

ಎರಡನೆಯದು ಕಾಲ. ‘ಇದ್ದೇನೆ’ ಅಂತ ನಾವು ವರ್ತಮಾನದಲ್ಲೇ ಹೇಳುತ್ತೇವೆ. ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿರುವುದಕ್ಕೆ ಇಂಗ್ಲಿಷ್ ‘ಹ್ಯಾವ್ ಬೀನ್’ ಕೇಳುತ್ತದೆ: ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’. ವಾಕ್ಯದಲ್ಲಿ ಇಂಥ ‘ಇಂದ’ ಕಂಡರೆ ‘ಹ್ಯಾವ್’ ಹುಡುಕಿ, ಇಲ್ಲದಿದ್ದರೆ ಅಲ್ಲೇ ದೋಷ. ಹಾಗೇ ‘ನಿನ್ನೆ ನೋಡಿದ್ದೇನೆ’ ನಮಗೆ ಸರಿ, ಆದರೆ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಆಗದು. ನಿನ್ನೆ, ಹೋದ ವಾರ ಅಂತ ಮುಗಿದ ಹೊತ್ತನ್ನು ಹೇಳಿದ ಮೇಲೆ ‘ಹ್ಯಾವ್’ ಬಿಡಬೇಕು.

ಪದದ ಮುಂದೆ ಸೇರುವ ತುಂಡುಗಳು

ಕನ್ನಡ ಬಾಲದ ಭಾಷೆ. ಮನೆ, ಮನೆಗೆ, ಮನೆಯಿಂದ, ಮನೆಯಲ್ಲಿ, ಎಲ್ಲ ಹಿಂದೆ ಸೇರುತ್ತವೆ. ಮುಂದೆ ಸೇರುವವು ಹೆಚ್ಚಾಗಿ ಹೊರಗಿನವು. ಅನ್ಯಾಯದ ‘ಅ’, ದುರಾಸೆಯ ‘ದುರ್’ ಸಂಸ್ಕೃತದವು. ಗೈರುಹಾಜರಿಯ ‘ಗೈರು’, ಬೇಜವಾಬ್ದಾರಿಯ ‘ಬೇ’ ಅರಬಿ, ಪಾರ್ಸಿ ಕಡೆಯವು. ಅದಕ್ಕೇ ಪ್ರಿಫಿಕ್ಸ್ ಅಂದರೆ ಹೆದರಿಕೆ. ಆದರೆ ನಿಮ್ಮ ಕೈಯಲ್ಲಿರುವ ಫೋನೇ ಒಂದು ಪಾಠಶಾಲೆ. ರೀಚಾರ್ಜ್, ರೀಸ್ಟಾರ್ಟ್, ಅನ್‌ಲಾಕ್, ಡಿಸ್‌ಕನೆಕ್ಟ್, ಪ್ರೀಪೇಯ್ಡ್, ಅನ್‌ಲಿಮಿಟೆಡ್, ಇನ್‌ವ್ಯಾಲಿಡ್. ಮೊದಲ ಪಾಠಕ್ಕೆ ಇವೇ ಸಾಕು. ‘ಮಿಸ್ ಕಾಲ್’ ಮಾತ್ರ ಈ ಗುಂಪಿನದಲ್ಲ. ಅದು ‘ಮಿಸ್ಡ್ ಕಾಲ್’, ಕೊನೆಯ ‘ಡ್’ ನಮ್ಮ ಬಾಯಲ್ಲಿ ಉದುರಿದೆ. ‘ಮಿಸ್‌ಟೇಕ್’, ‘ಮಿಸ್‌ಯೂಸ್’ನ ‘ಮಿಸ್’ ಬೇರೆ.

ಇಲ್ಲಿ ದೊಡ್ಡ ದೋಷ ‘ಅನ್’ ಮತ್ತು ‘ಇನ್’ ಅದಲುಬದಲಾಗುವುದು. ‘ಅನ್‌ಪಾಸಿಬಲ್’, ‘ಇನ್‌ಹ್ಯಾಪಿ’ ಅಂತ ಬರೆಯುತ್ತಾರೆ. ‘ಅನ್’ ಇಂಗ್ಲಿಷಿನ ಹಳೆಯ ಸ್ವಂತ ಆಸ್ತಿ. ‘ಇನ್’ ಲ್ಯಾಟಿನ್‌ನಿಂದ ಬಂದದ್ದು. ‘ಅನ್’ ಬರವಣಿಗೆಯಲ್ಲಿ ಯಾರ ಪಕ್ಕ ಕೂತರೂ ಬದಲಾಗುವುದಿಲ್ಲ: ಅನ್‌ಪಾಪ್ಯುಲರ್, ಅನ್‌ಲಾಫುಲ್. ‘ಇನ್’ ಪಕ್ಕದವರನ್ನು ನೋಡಿ ಬದಲಾಗುತ್ತದೆ. ‘ಪ, ಬ, ಮ’ ಮುಂದೆ ‘ಇಮ್’, ‘ಲ’ ಮುಂದೆ ‘ಇಲ್’, ‘ರ’ ಮುಂದೆ ‘ಇರ್’. ಇದನ್ನು ನೆನಪಿಡುವುದು ನಮಗೆ ಬಹಳ ಸುಲಭ. ನಮ್ಮ ಸೊನ್ನೆ ‘ಗಂಟೆ’ಯಲ್ಲಿ ‘ಣ’ಕಾರದ ಕಡೆಗೆ ಹೋಗುತ್ತದೆ, ‘ಕಂಬ’ದಲ್ಲಿ, ‘ಸಂಪಿಗೆ’ಯಲ್ಲಿ ‘ಮ್’ ಆಗುತ್ತದೆ. ‘ಇಂಪಾಸಿಬಲ್’ ಅಂತ ಕನ್ನಡದಲ್ಲಿ ಸೊನ್ನೆ ಹಾಕಿ ಬರೆದು ಓದಿಸಿ. ಬಾಯಿ ತಾನಾಗಿಯೇ ‘ಇಮ್’ ಅನ್ನುತ್ತದೆ. ಇಂಗ್ಲಿಷಿನಲ್ಲಿ ಅದನ್ನೇ ‘ಎಮ್’ ಹಾಕಿ ಬರೆಯುತ್ತಾರೆ.

ಯಾವ ಪದಕ್ಕೆ ಯಾವುದು ಅನ್ನುವುದಕ್ಕೆ ಪೂರ್ತಿ ನಿಯಮ ಇಲ್ಲ. 'ಎಡ್', 'ಇಂಗ್' ಬಾಲ ಇರುವ ವಿಶೇಷಣಗಳಿಗೆ ಹೆಚ್ಚಾಗಿ ‘ಅನ್’ ಬರುತ್ತದೆ: ಅನ್‌ಮ್ಯಾರೀಡ್, ಅನ್‌ಫಿನಿಶ್ಡ್. ‘ಇಟಿ’ ಬಾಲ ಇದ್ದರೆ ‘ಇನ್’ ಜಾಸ್ತಿ. ಹಾಗಾಗಿ ‘ಅನೇಬಲ್’ ಆದರೆ ‘ಇನೆಬಿಲಿಟಿ’, ‘ಅನ್‌ಈಕ್ವಲ್’ ಆದರೆ ‘ಇನ್‌ಈಕ್ವಾಲಿಟಿ’, ‘ಅನ್‌ಸ್ಟೇಬಲ್’ ಆದರೆ ‘ಇನ್‌ಸ್ಟೆಬಿಲಿಟಿ’. ಉಳಿದವನ್ನು ಜೋಡಿಯಾಗಿಯೇ ಕಲಿಯಬೇಕು. ‘ಹ್ಯಾಪಿ’ ಬರೆಯುವಾಗಲೇ ಪಕ್ಕದಲ್ಲಿ ‘ಅನ್‌ಹ್ಯಾಪಿ’ ಬರೆದಿಡಿ.

‘ಇನ್’ ಕಂಡ ಕೂಡಲೇ ‘ಅಲ್ಲ’ ಅಂದುಕೊಳ್ಳುವುದು ಅಪಾಯ, ಅಕ್ಷರಶಃ ಅಪಾಯ. ಚೆಂಬೂರಿನ ಮಾಹುಲ್ ಕಡೆ ತೈಲ ಸಂಸ್ಕರಣಾ ಘಟಕಗಳಿವೆ. ಆ ರಸ್ತೆಯಲ್ಲಿ ಓಡುವ ಟ್ಯಾಂಕರ್‌ಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿರುವುದನ್ನು ನೋಡಿ. ಬೆಂಕಿ ಹತ್ತದು ಅಂತ ಅದರರ್ಥವಲ್ಲ, ಬೇಗ ಹತ್ತುತ್ತದೆ ಅಂತ. ಅಲ್ಲಿನ ‘ಇನ್’ಗೆ ‘ಒಳಗೆ’ ಎಂಬ ಅರ್ಥ, ‘ಇನ್‌ಫ್ಲೇಮ್’ ಅಂದರೆ ಉರಿ ಹಚ್ಚು. ‘ಫ್ಲೇಮಬಲ್’ ಅಂದರೂ ಅದೇ ಅರ್ಥ. ಗೋದಾಮಿನಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆ ಈ ಒಂದು ಪದವನ್ನು ನಾನು ಮೊದಲ ವಾರವೇ ಹೇಳಿಬಿಡುತ್ತೇನೆ. ಬಾಕಿ ವ್ಯಾಕರಣ ಕಾಯಬಹುದು.

‘ರಿಟರ್ನ್ ಬ್ಯಾಕ್’, ‘ರಿಪೀಟ್ ಅಗೇನ್’ ಕೂಡ ಪ್ರಿಫಿಕ್ಸ್ ದೋಷವೇ. ‘ರಿ’ಯಲ್ಲೇ ವಾಪಸ್, ಮತ್ತೆ ಅನ್ನುವ ಅರ್ಥ ಇದೆ, ಇನ್ನೊಂದು ಸಲ ಹೇಳಬೇಕಾಗಿಲ್ಲ.

ಪದದ ಹಿಂದೆ ಸೇರುವ ತುಂಡುಗಳು

ಒಂದು ಫಾರ್ಮ್‌ನಲ್ಲಿ ತಂದೆಯ ಉದ್ಯೋಗದ ಎದುರು ಹುಡುಗನೊಬ್ಬ ‘ಕುಕರ್’ ಅಂತ ಬರೆದಿದ್ದ. ಅವನ ತಂದೆ ಹೋಟೆಲಿನಲ್ಲಿ ಅಡುಗೆ ಮಾಡುವವರು. ‘ಟೀಚ್ ಮಾಡಿದರೆ ಟೀಚರ್, ಡ್ರೈವ್ ಮಾಡಿದರೆ ಡ್ರೈವರ್, ಕುಕ್ ಮಾಡಿದರೆ ಕುಕರ್ ಅಲ್ವಾ ಟೀಚರ್?’ ಅಂತ ಕೇಳಿದ. ತರ್ಕ ಸರಿಯಾಗಿದೆ, ನಿಯಮ ಚೆನ್ನಾಗಿ ಕೂತಿದೆ. ಬಳೆ ಮಾರುವವನು ಬಳೆಗಾರ, ಡಬ್ಬಾ ತರುವವನು ಡಬ್ಬಾವಾಲಾ, ಗೋವಾದ ಮಂಗೇಶಿಯವರು ಮಂಗೇಶ್ಕರ್, ಇಂಥ ಬಾಲಗಳ ನಡುವೆಯೇ ಬೆಳೆದವನು ಅವನು. ಆದರೆ ‘ಕುಕ್’ ಅನ್ನುವ ಪದವೇ ಅಡುಗೆಯವರಿಗೆ ಮೊದಲಿನಿಂದ ಇತ್ತು. ‘ಕುಕರ್’ ಪಾತ್ರೆಗೆ ಹೋಯಿತು. ಇಂಥ ತಪ್ಪು ಸಿಕ್ಕಿದಾಗ ನಿಯಮವನ್ನು ತಿದ್ದಲು ಹೋಗಬೇಡಿ. ಆ ಒಂದು ಪದವನ್ನು ಮಾತ್ರ ತಿದ್ದಿ.

ಬರೆಯುವಾಗಿನ ಕಾಗುಣಿತದ ತಪ್ಪುಗಳಿಗೆ ಕನ್ನಡ ಶಾಲೆಯಲ್ಲಿ ಓದಿದವರ ಬಳಿ ಒಂದು ಒಳ್ಳೆಯ ಹತಾರು ಇದೆ. ಲೋಪ, ಆಗಮ, ಆದೇಶ ಸಂಧಿ ನೆನಪಿದೆಯಾ? ಊರು ಮತ್ತು ಅಲ್ಲಿ ಸೇರಿ ಊರಲ್ಲಿ, ‘ಉ’ ಹೋಯಿತು. ‘ಮೇಕ್’ ಮತ್ತು ‘ಇಂಗ್’ ಸೇರಿದಾಗಲೂ ಕೊನೆಯ ‘ಇ’ ಅಕ್ಷರ ಹೋಗುತ್ತದೆ, ಅದು ಲೋಪ. ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ, ‘ಯ’ ಹೊಸದಾಗಿ ಬಂತು. ‘ರನ್’ ಮತ್ತು ‘ಇಂಗ್’ ಸೇರಿದಾಗ ಇನ್ನೊಂದು ‘ಎನ್’ ಬರುತ್ತದೆ, ಅದು ಆಗಮ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ‘ಕ’ ಜಾಗಕ್ಕೆ ‘ಗ’. ‘ಕ್ಯಾರಿ’ಗೆ ‘ಎಸ್’ ಸೇರಿದಾಗ ‘ವೈ’ ಜಾಗಕ್ಕೆ ‘ಐ’ ಬರುತ್ತದೆ, ಅದು ಆದೇಶ. ‘ಪ್ಲೇ’ಯಲ್ಲಿ ‘ವೈ’ಗಿಂತ ಮೊದಲು ಸ್ವರ ಇರುವುದರಿಂದ ಅದು ಹಾಗೇ ಉಳಿಯುತ್ತದೆ. ‘ಇಂಗ್’ ಮುಂದೆಯೂ ‘ವೈ’ ಅಲ್ಲಾಡುವುದಿಲ್ಲ: ಸ್ಟಡೀಸ್‌ನಲ್ಲಿ ಬದಲಾಗುತ್ತದೆ, ಸ್ಟಡಿಯಿಂಗ್‌ನಲ್ಲಿ ಇಲ್ಲ. ‘ವಿಸಿಟಿಂಗ್’ನಲ್ಲಿ ‘ಟಿ’ ಒಂದೇ, ‘ಬಿಗಿನಿಂಗ್’ನಲ್ಲಿ ‘ಎನ್’ ಎರಡು. ‘ಬಿಗಿನ್’ ಅನ್ನುವಾಗ ಒತ್ತು ಕೊನೆಗೆ ಬೀಳುತ್ತದೆ, ‘ವಿಸಿಟ್’ನಲ್ಲಿ ಮೊದಲಿಗೆ. ಆಗಮ ಆಗುವುದು ಒತ್ತು ಕೊನೆಗಿದ್ದರೆ.

ಪ್ರಿಫಿಕ್ಸ್ ಸೇರುವಾಗ ಮೂಲ ಪದಕ್ಕೆ ಇದ್ಯಾವುದೂ ಆಗುವುದಿಲ್ಲ. ‘ಮಿಸ್’ ಮತ್ತು ‘ಸ್ಪೆಲ್’ ಸೇರಿದರೆ ಎರಡು ‘ಎಸ್’, ‘ಡಿಸ್’ ಮತ್ತು ‘ಅಪಾಯಿಂಟ್’ ಸೇರಿದರೆ ಒಂದೇ. ಎರಡನ್ನೂ ಬೇರೆ ಬೇರೆ ಬರೆದು ಸುಮ್ನೆ ಪಕ್ಕಕ್ಕೆ ಇಟ್ಟರೆ ಆಯಿತು.

ಒಂದೇ ವಾಕ್ಯದಲ್ಲಿ ಹಲವು ದೋಷ ಇದ್ದರೆ

ಒಬ್ಬ ತಾಯಿ ಬರೆದ ವಾಕ್ಯ ಇದು: ‘ಮೈ ಸನ್ ಈಸ್ ಸ್ಟಡಿಂಗ್ ಇನ್ ಕನ್ನಡ ಸ್ಕೂಲ್ ಸಿನ್ಸ್ ಫೈವ್ ಇಯರ್ಸ್ ಬಟ್ ಹಿ ಡೋಂಟ್ ಇಂಟರೆಸ್ಟಿಂಗ್ ಇನ್ ಮ್ಯಾಥ್ಸ್’.

ಎಲ್ಲವನ್ನೂ ಒಂದೇ ಸಲ ತಿದ್ದಿದರೆ ಅವರು ಪೆನ್ನು ಕೆಳಗಿಡುತ್ತಾರೆ. ಅರ್ಥ ಕೆಡಿಸುವುದನ್ನು ಮೊದಲು ಹಿಡಿಯಿರಿ. ‘ಇಂಟರೆಸ್ಟಿಂಗ್’ ಅದೇ. ‘ಅವನಿಗೆ ಆಸಕ್ತಿ ಇಲ್ಲ’ ಅಂತ ಕನ್ನಡದಲ್ಲಿ ಹೇಳಿಸಿ. ‘ಅವನಿಗೆ’ ಬಂತು, ಆದ್ದರಿಂದ ‘ಇಂಟರೆಸ್ಟೆಡ್’. ಆಮೇಲೆ ‘ಡೋಂಟ್’. ಅದು ಎಲ್ಲರಿಗೂ ಒಂದೇ ‘ಇಲ್ಲ’ ಹೇಳುವ ಕನ್ನಡದ ಅಭ್ಯಾಸ. ‘ಇಂಟರೆಸ್ಟೆಡ್’ ಕ್ರಿಯಾಪದವಾಗಿ ಕೂತಿಲ್ಲ, ಹಾಗಾಗಿ ‘ಡಸಂಟ್’ ಕೂಡ ಅಲ್ಲ, ‘ಈಸಂಟ್’. ಮುಂದಿನ ವಾರ ‘ಸಿನ್ಸ್’ ತೆಗೆದುಕೊಳ್ಳಿ: ಎಷ್ಟು? ಐದು ವರ್ಷ. ‘ಫಾರ್’ ಬಂತು, ಅದರ ಜೊತೆ ‘ಹ್ಯಾಸ್ ಬೀನ್’ ಬಂತು. ‘ಸ್ಟಡಿಂಗ್’ನಲ್ಲಿ ಬಿಟ್ಟುಹೋದ ‘ವೈ’ಯನ್ನು ಅವರೇ ಹುಡುಕಲಿ, ಸಂಧಿ ನೆನಪಿರುವವರಿಗೆ ಸಿಗುತ್ತದೆ. ‘ಕನ್ನಡ ಸ್ಕೂಲ್’ಗಿಂತ ಮೊದಲು ‘ಎ’ ಬೇಕು. ಅದನ್ನು ಕೊನೆಗೆ ಬಿಡಿ. ಆ ‘ಎ’ ಇಲ್ಲದಿದ್ದರೂ ಶಾಲೆಯ ಟೀಚರ್‌ಗೆ ತಾಯಿ ಹೇಳಿದ್ದು ಪೂರ್ತಿ ಅರ್ಥವಾಗುತ್ತದೆ.